ಸೂತ್ರ ಒಂದೇ, ವರ್ತನೆ ಬೇರೆ: ಲಿಥಿಯಂ ಐರನ್ ಫಾಸ್ಫೇಟ್ ಕ್ಯಾಥೋಡಿನಲ್ಲಿ ಕಣಗಾತ್ರದ ಪಾತ್ರ

1997ರಲ್ಲಿ ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದ ಎ.ಕೆ. ಪಾಧಿ, ಕೆ.ಎಸ್. ನಂಜುಂಡಸ್ವಾಮಿ ಮತ್ತು ಜಾನ್ ಗುಡೆನಫ್ ಅವರು ಲಿಥಿಯಂ ಐರನ್ ಫಾಸ್ಫೇಟನ್ನು ಬ್ಯಾಟರಿಯ ಕ್ಯಾಥೋಡ್ ಆಗಿ ಬಳಸಬಹುದೆಂದು ತೋರಿಸಿದರು. ಇದರ ಮಿತಿಯೂ ಆ ಪ್ರಬಂಧದಲ್ಲೇ ದಾಖಲಾಗಿತ್ತು. ಬಹಳ ನಿಧಾನವಾಗಿ ಚಾರ್ಜ್ ಮಾಡಿದರೂ ಒಟ್ಟು ಲಿಥಿಯಂನಲ್ಲಿ ಸುಮಾರು 0.6 ಪಾಲಷ್ಟೇ ಹೊರಬರುತ್ತಿತ್ತು. ಇಂದು ಅದೇ ವಸ್ತು ಗ್ರಾಮಿಗೆ 170 ಮಿಲಿಆಂಪಿಯರ್-ಗಂಟೆಯ ಸೈದ್ಧಾಂತಿಕ ಸಾಮರ್ಥ್ಯದ ಸಮೀಪಕ್ಕೆ ಬಂದಿದೆ. 2024ರಲ್ಲಿ ಜಗತ್ತಿನ ವಿದ್ಯುತ್ ವಾಹನಗಳ ಬ್ಯಾಟರಿ ಮಾರುಕಟ್ಟೆಯ ಹೆಚ್ಚುಕಡಿಮೆ ಅರ್ಧ ಪಾಲು ಅದರದಾಗಿತ್ತು. ಈ ಅವಧಿಯಲ್ಲಿ ರಾಸಾಯನಿಕ ಸೂತ್ರ ಬದಲಾಗಲಿಲ್ಲ. ಎಲೆಕ್ಟ್ರಾನು ಮತ್ತು ಅಯಾನುಗಳು ಕ್ರಮಿಸಬೇಕಾದ ದಾರಿಯನ್ನು ಮೊಟಕುಗೊಳಿಸಿದ್ದೇ ಈ ಏಳಿಗೆಗೆ ಮುಖ್ಯ ಕಾರಣವೆಂಬುದು ಪ್ರಸ್ತುತ ಲೇಖನದ ವಾದ.

ರಂಜಕದ ಬಂಧ: ಲಾಭ ಮತ್ತು ನಷ್ಟ

ಕಬ್ಬಿಣ ಅಗ್ಗ, ಆದರೆ ಅದರ ಸಾಮಾನ್ಯ ಆಕ್ಸೈಡುಗಳು ಕೊಡುವ ವೋಲ್ಟೇಜ್ ಕಡಿಮೆ. ಕಬ್ಬಿಣದ ಸಲ್ಫೇಟಿನಲ್ಲಿ ಅದು 3.6 ವೋಲ್ಟಿಗೆ ಏರುವುದನ್ನು ಗುಡೆನಫ್ ಮತ್ತು ಅರುಮುಗಂ ಮಂಥಿರಾಂ 1980ರ ದಶಕದಲ್ಲೇ ಕಂಡುಕೊಂಡಿದ್ದರು. ಫಾಸ್ಫೇಟಿನಲ್ಲೂ ನಡೆಯುವುದು ಇದೇ. ರಂಜಕವು ಆಮ್ಲಜನಕದ ಎಲೆಕ್ಟ್ರಾನುಗಳನ್ನು ತನ್ನತ್ತ ಎಳೆದುಕೊಳ್ಳುವುದರಿಂದ ಕಬ್ಬಿಣ-ಆಮ್ಲಜನಕ ಬಂಧದ ಸಹವೇಲೆಂಟ್ ಗುಣ ತಗ್ಗಿ, ವೋಲ್ಟೇಜ್ ಸುಮಾರು 3.4ಕ್ಕೆ ಏರುತ್ತದೆ. ಕೋಬಾಲ್ಟ್ ಆಕ್ಸೈಡ್ ಕಾದಾಗ ಆಮ್ಲಜನಕ ಬಿಟ್ಟು ಬೆಂಕಿಗೆ ಇಂಬು ಕೊಡುತ್ತದೆ. ಇಲ್ಲಿ ರಂಜಕ ಆಮ್ಲಜನಕವನ್ನು ಬಿಗಿಹಿಡಿದಿರುವುದರಿಂದ ಆ ಅಪಾಯ ತೀರ ಕಡಿಮೆ. ನಷ್ಟವೆಂದರೆ, ಫಾಸ್ಫೇಟ್ ಘಟಕಗಳು ನಡುವೆ ಬರುವುದರಿಂದ ಕಬ್ಬಿಣದ ಒಂದು ಪರಮಾಣುವಿನಿಂದ ಮತ್ತೊಂದಕ್ಕೆ ಎಲೆಕ್ಟ್ರಾನು ಸುಲಭವಾಗಿ ದಾಟದು. ಕೊಠಡಿಯ ಉಷ್ಣತೆಯಲ್ಲಿ ವಾಹಕತೆ ಸೆಂಟಿಮೀಟರಿಗೆ 10⁻⁹ ಸೀಮನ್ಸ್ ಆಸುಪಾಸಿನಲ್ಲಿರುತ್ತದೆ.

ಇಂಗಾಲದ ಲೇಪನ ಮತ್ತು ಒಂದು ವಿವಾದ

1999ರಲ್ಲಿ ನಥಾಲೀ ರವೇ, ಮಿಶೆಲ್ ಅರ್ಮಾಂ ಮತ್ತು ಸಂಗಡಿಗರು ಇಂಗಾಲದ ಲೇಪನದ ಉಪಾಯವನ್ನು ಮುಂದಿಟ್ಟರು. ಸಕ್ಕರೆಯಂಥ ಸಾವಯವ ಪದಾರ್ಥವನ್ನು ಪುಡಿಯೊಡನೆ ಬೆರೆಸಿ, ಆಮ್ಲಜನಕವಿಲ್ಲದ ವಾತಾವರಣದಲ್ಲಿ ಸುಮಾರು 700 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಅದು ಕರಕಲಾಗಿ ಕಣದ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಪದರವಾಗುತ್ತದೆ. ಈ ಪದರ ಎಲೆಕ್ಟ್ರಾನುಗಳಿಗೆ ದಾರಿಯಾಗುವುದಲ್ಲದೆ, ಕಬ್ಬಿಣ ಫೆರಿಕ್ ಸ್ಥಿತಿಗೆ ಹೋಗುವುದನ್ನೂ ಕಣಗಳು ಕೂಡಿಕೊಂಡು ದಪ್ಪವಾಗುವುದನ್ನೂ ತಡೆಯುತ್ತದೆ.

2002ರಲ್ಲಿ ಎಂಐಟಿಯ ಯೆಟ್-ಮಿಂಗ್ ಚಿಯಾಂಗ್ ಅವರ ತಂಡ, ನಯೋಬಿಯಂನಂಥ ಲೋಹವನ್ನು ಅಲ್ಪ ಪ್ರಮಾಣದಲ್ಲಿ ಸೇರಿಸಿ ವಾಹಕತೆಯನ್ನು 10⁸ ಪಟ್ಟು ಹೆಚ್ಚಿಸಿದ್ದಾಗಿ ವರದಿ ಮಾಡಿತು. ಸ್ಫಟಿಕದ ಒಡಲೇ ಬದಲಾಗಿದೆಯೇ? 2004ರಲ್ಲಿ ವಾಟರ್‌ಲೂ ವಿಶ್ವವಿದ್ಯಾಲಯದ ಲಿಂಡಾ ನಾಝರ್ ಅವರ ತಂಡ ಬೇರೆ ವಿವರಣೆ ಕೊಟ್ಟಿತು. ಹೆಚ್ಚಿನ ಉಷ್ಣತೆಯಲ್ಲಿ ಇಂಗಾಲವು ಫಾಸ್ಫೇಟನ್ನು ಅಪಕರ್ಷಿಸಿ, ಕಣಗಳ ಅಂಚಿನಲ್ಲಿ ಲೋಹದ ಫಾಸ್ಫೈಡುಗಳ ವಾಹಕ ಜಾಲವನ್ನು ಹುಟ್ಟಿಸುತ್ತದೆ. ಹಾಗಿದ್ದರೆ ಮಾಪಕ ತೋರಿಸಿದ್ದು ಬಹುಮಟ್ಟಿಗೆ ಮೇಲ್ಮೈಯ ವಾಹಕತೆಯನ್ನು.

ಓಣಿಯ ಲೆಕ್ಕ

ಅಯಾನಿನ ಕಥೆ ಇನ್ನೂ ಸೂಕ್ಷ್ಮ. ಲಿಥಿಯಂ ಈ ಸ್ಫಟಿಕದಲ್ಲಿ ಬಿ ಅಕ್ಷದ ಗುಂಟ ಒಂದೇ ದಿಕ್ಕಿನಲ್ಲಿ ಚಲಿಸುತ್ತದೆಂದು 2004ರಲ್ಲಿ ಗರ್ಬ್ರಾಂಡ್ ಸೆಡರ್ ಅವರ ತಂಡ ಗಣನೆಯಿಂದ ಹೇಳಿತು. 2008ರಲ್ಲಿ ಅತ್ಸುವೊ ಯಮಾದಾ ಅವರ ತಂಡ ನ್ಯೂಟ್ರಾನ್ ವಿವರ್ತನೆಯಿಂದ ಅದನ್ನು ಕಾಣಿಸಿತು. ದಾರಿ ಒಂದೇ ಗಾಡಿ ಹಿಡಿಯುವ ಓಣಿಯಂತೆ ಇಕ್ಕಟ್ಟು. ಲಿಥಿಯಂ ಇರಬೇಕಾದ ಜಾಗದಲ್ಲಿ ಕಬ್ಬಿಣ ಕೂತರೆ ಸಂಚಾರ ನಿಲ್ಲುತ್ತದೆ.

ಓಣಿಯಲ್ಲಿ ಲಿಥಿಯಂನ ನೆಲೆಗಳು ಸುಮಾರು 0.3 ನ್ಯಾನೋಮೀಟರಿಗೊಂದರಂತೆ ಇವೆ. ನೆಲೆಗಳಲ್ಲಿ ಶೇ. 0.5ರಷ್ಟನ್ನು ಕಬ್ಬಿಣ ಆಕ್ರಮಿಸಿದೆ ಎಂದಿಟ್ಟುಕೊಂಡರೆ, ಸರಾಸರಿ 60 ನ್ಯಾನೋಮೀಟರಿಗೊಂದು ತಡೆ. 1 ಮೈಕ್ರೋಮೀಟರ್ ಉದ್ದದ ಓಣಿಯಲ್ಲಿ ಇಂಥ ತಡೆಗಳು ಸುಮಾರು 17. ಎರಡು ತುದಿಗಳ ತುಣುಕುಗಳ ಲಿಥಿಯಂ ಮಾತ್ರ ಸರಾಗವಾಗಿ ಹೊರಬರುತ್ತದೆ. ಅದು ಒಟ್ಟಿನ ಶೇ. 12ರಷ್ಟು. ಉಳಿದದ್ದು ತಡೆಗಳನ್ನು ಸುತ್ತಿಬಳಸಿ ಬಹಳ ನಿಧಾನವಾಗಿ ಹಾಯಬೇಕು. 50 ನ್ಯಾನೋಮೀಟರ್ ಕಣದಲ್ಲಿ ಸರಾಸರಿ ಒಂದು ತಡೆಯೂ ಇರದು. ಇದ್ದರೂ ಎರಡೂ ತುದಿ ತೆರೆದಿರುತ್ತವೆ. ವಿಸರಣೆಗೆ ಬೇಕಾದ ಕಾಲ ಉದ್ದದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, ತಡೆಗಳನ್ನು ಲೆಕ್ಕಿಸದಿದ್ದರೂ ಆ ಕಾಲ 400 ಪಟ್ಟು ಇಳಿಯುತ್ತದೆ. ಕಣಗಾತ್ರಕ್ಕೆ ತಕ್ಕಂತೆ ವಿಸರಣಾಂಕವೇ ಬದಲಾಗುತ್ತದೆಂದು 2010ರಲ್ಲಿ ಮಲಿಕ್, ಸೆಡರ್ ಮುಂತಾದವರು ವಾದಿಸಿದ್ದು ಇದೇ ತರ್ಕದಿಂದ.

ಉಳಿದಿರುವ ತೊಡಕುಗಳು

ಸಣ್ಣ ಕಣಗಳನ್ನು ಒತ್ತೊತ್ತಾಗಿ ತುಂಬುವುದು ಕಷ್ಟ; ಇಂಗಾಲ ಲಿಥಿಯಂ ಹಿಡಿದಿಡದೆ ಜಾಗ ತಿನ್ನುತ್ತದೆ. ಹಾಗಾಗಿ ವೇಗ ಹೆಚ್ಚಿದಂತೆ ಗಾತ್ರಕ್ಕೆ ತಕ್ಕ ಶಕ್ತಿಸಂಗ್ರಹ ತಗ್ಗುತ್ತದೆ. ಎರಡನೆಯ ತೊಡಕು ಅಳತೆಯದು. ಸಾವಕಾಶವಾಗಿ ಚಾರ್ಜ್ ಆಗುವಾಗ ಲಿಥಿಯಂ ತುಂಬಿದ ಮತ್ತು ತೆರವಾದ ಎರಡು ಪ್ರಾವಸ್ಥೆಗಳು ಜೊತೆಗಿರುವುದರಿಂದ ವೋಲ್ಟೇಜ್ ಬಹುಪಾಲು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಎಷ್ಟು ಚಾರ್ಜ್ ಉಳಿದಿದೆಯೆಂದು ವೋಲ್ಟೇಜ್ ನೋಡಿ ಹೇಳಲಾಗದು. ಹರಿದ ವಿದ್ಯುತ್ತನ್ನು ಕೂಡಿಸುತ್ತ ಹೋಗಬೇಕು, ಆಗಾಗ ಪೂರ್ತಿ ಚಾರ್ಜ್ ಮಾಡಿ ಲೆಕ್ಕ ಸರಿಪಡಿಸಬೇಕು. ಆದರೆ ವೇಗವಾಗಿ ಚಾರ್ಜ್ ಆಗುವ ನ್ಯಾನೋ ಕಣಗಳಲ್ಲಿ ಈ ಪ್ರಾವಸ್ಥಾ ವಿಭಜನೆ ಮಸುಕಾಗಿ, ನಡುವಣ ಘನದ್ರಾವಣ ರೂಪುಗೊಳ್ಳುವುದನ್ನು 2014ರಲ್ಲಿ ಕ್ಲೇರ್ ಗ್ರೇ ಅವರ ತಂಡ ಕೋಶ ಕೆಲಸ ಮಾಡುತ್ತಿರುವಾಗಲೇ ಎಕ್ಸ್-ಕಿರಣಗಳಿಂದ ದಾಖಲಿಸಿತು. ಪ್ರಾವಸ್ಥೆಗಳ ನಡೆಯೂ ಕಣಗಾತ್ರ ಮತ್ತು ವೇಗಗಳಿಗೆ ಅಧೀನವೆಂದಾಯಿತು.

ಆದುದರಿಂದ ಇಂಥ ವಸ್ತುವಿನ ವಾಹಕತೆ ಅಥವಾ ವಿಸರಣಾಂಕವನ್ನು ಸೂತ್ರದ ಪಕ್ಕದಲ್ಲಿ ಒಂಟಿ ಅಂಕಿಯಾಗಿ ಬರೆದರೆ ಸಾಲದು. ಕಣಗಾತ್ರ, ದೋಷಗಳ ಪ್ರಮಾಣ, ಮೇಲ್ಮೈ ಪದರದ ಸ್ವರೂಪ ಇವೂ ಜೊತೆಗೆ ವರದಿಯಾಗಬೇಕು. ಹಾಗಾಗದಿದ್ದರೆ, ಮೊದಲ ಅಳತೆಯ ಬಡ ಫಲಿತಾಂಶವನ್ನೇ ನಂಬಿ ಒಳ್ಳೆಯ ಸಂಯುಕ್ತವನ್ನು ಕೈಬಿಡುವ ಸಾಧ್ಯತೆ ಇದ್ದೇ ಇರುತ್ತದೆ.