ಗದಗಿನ ಹುಡುಗನ ಕಾರ್ಡು

ದೀಪಾವಳಿ ಹತ್ರ ಬಂತು. ಅಟ್ಟದ ಸಾಮಾನ ಇಳಿಸೋದು, ಟ್ರಂಕ್ ಝಾಡಿಸೋದು, ರದ್ದಿ ಹಾಕೋದು ಎಲ್ಲಾರ ಮನ್ಯಾಗೂ ಸುರು ಆಗಿರ್ತದ. ಹಾಕೂಕಿಂತ ಮೊದಲ ಇದನ್ನೊಂದು ಓದ್ರಿ.

2003ರಾಗ ಹಿಂಗ ಸ್ವಚ್ಛ ಮಾಡುವಾಗ ನನ್ನ ಮಗನ ಬಿಸ್ಕೀಟ್ ಡಬ್ಬಿ ಕೈಗೆ ಸಿಕ್ತು. ಡಬ್ಬಿ ಚಲೋ ಇತ್ತು, ಶೇಂಗಾ ಚಟ್ನಿಗೆ ಇಟಗೊಂಡೆ. ಒಳಗಿನ ಕಾಗದಾ ರದ್ದಿಗೆ ಕೊಟ್ಟೆ. ಅವು ಕ್ರಿಕೆಟ್ ಕಾರ್ಡು.

ಈ ಹುಚ್ಚು ನಾ ಮೊದಲ ನೋಡಿದ್ದು ಸವಣೂರಾಗ, ತವರಮನ್ಯಾಗ. 1987ರಾಗ ರಿಲಯನ್ಸ್ ಕಪ್ ನಮ್ಮ ದೇಶದಾಗ ನಡೀತಲ್ಲ, ಆ ದಿನದಾಗ ಬಿಗ್ ಫನ್ ಅಂತ ಬಬಲ್‌ಗಮ್ ಬರ್ತಿತ್ತು, ಅದರಾಗ ಆಟಗಾರರ ಚಿತ್ರ. ನನ್ನ ತಮ್ಮ ಗಮ್ ಉಗುಳಿ ಕಪಿಲ್‌ದೇವನ್ನ ಇಟಗೋತಿದ್ದ. ನನ್ನ ಮಗನ ಕಾಲಕ್ಕ ಟ್ರಂಪ್ ಕಾರ್ಡ್ ಬಂದ್ವು. ಕಾರ್ಡಿನ ಮ್ಯಾಲಿನ ರನ್ನು, ವಿಕೆಟ್ಟು ಹೇಳೋದು, ಯಾರದು ಹೆಚ್ಚೋ ಅವರು ಇನ್ನೊಬ್ಬರ ಕಾರ್ಡ್ ಒಯ್ಯೋದು. ಸೂಟಿಯೊಳಗ ಶಿಗ್ಗಾಂವಿ ಅಕ್ಕನ ಮಕ್ಕಳು, ಹಿರೇಕೆರೂರ ಅಣ್ಣನ ಮಕ್ಕಳು ನಮ್ಮ ಹಾನಗಲ್ಲಿಗೆ ಬಂದ್ರ ಪಡಸಾಲ್ಯಾಗ ಇದ ಜಗಳ.

ಎಲ್ಲಾರಿಗೂ ಸಚಿನ್, ದ್ರಾವಿಡ್ ಬೇಕು. ನನ್ನ ಮಗನಿಗೆ ಮಾತ್ರ ಸುನಿಲ್ ಜೋಶಿ. ಗದಗಿನವ, ಎಡಗೈ ಸ್ಪಿನ್ನರ್, 1970ರಾಗ ಹುಟ್ಟಿದವ, ಹೆಚ್ಚೂಕಡಿಮಿ ನನ್ನ ವಾರಿಗಿ. ಸಣ್ಣಾವಿದ್ದಾಗ ನಸಿಕ್ಲೆ ಎದ್ದು ಹುಬ್ಬಳ್ಳಿಗೆ ಹೋಗಿ ಆಡಿ, ತಿರುಗಿ ಗದಗಿಗೆ ಬಂದು ಸಾಲಿಗೆ ಹೋಗ್ತಿದ್ದನಂತ. ಅವ ಭಾರತಕ್ಕ ಮೊದಲ ಟೆಸ್ಟ್ ಆಡಿದ್ದು 1996ರಾಗ, ಇಂಗ್ಲೆಂಡಿನಾಗ. ಆವಾಗ ಗದಗೂ ನಾವೂ ಎಲ್ಲಾ ಧಾರವಾಡ ಜಿಲ್ಲಾನ. ಮರುವರ್ಷ ಜಿಲ್ಲಾ ಒಡದು ಅವ ಗದಗಿನವ ಆದ, ನಾವು ಹಾವೇರಿಯವರಾದ್ವಿ. ಆದ್ರೂ ಮನ್ಯಾಗ ‘ನಮ್ಮ ಜೋಶಿ’ ಅನ್ನೋದು ತಪ್ಪಲಿಲ್ಲ.

1999ರ ಸಪ್ಟೆಂಬರದಾಗ ನೈರೋಬಿಯೊಳಗ ದಕ್ಷಿಣ ಆಫ್ರಿಕಾದ ಮ್ಯಾಲೆ ಹತ್ತು ಓವರ್ ಹಾಕಿ ಬರೇ 6 ರನ್ ಕೊಟ್ಟು 5 ವಿಕೆಟ್ ತಗೊಂಡ. ಆರು ಓವರಿನಾಗ ಒಂದ ರನ್ನೂ ಇಲ್ಲ! ಮುಂದ 2000ದಾಗ ಢಾಕಾದಾಗ ಬಾಂಗ್ಲಾದೇಶದವರ ಮೊಟ್ಟಮೊದಲ ಟೆಸ್ಟ್. ಅದರಾಗ 8 ವಿಕೆಟ್ ತಗೊಂಡು 92 ರನ್ನೂ ಹೊಡದ.

ಇಷ್ಟಾದ್ರೂ ನಮ್ಮ ಹುಡುಗರ ಕಾರ್ಡಿನಾಗ ಅವ ಇರಲಿಲ್ಲ. ನನ್ನ ಮಗ ಏನ ಮಾಡಿದ? ಪೇಪರಿನಾಗಿನ ಫೋಟೋ ಕತ್ತರಿಸಿ, ಹಳೇ ಲಗ್ನಪತ್ರಿಕಿ ಮ್ಯಾಲೆ ಗಂಜಿಲೆ ಹಚ್ಚಿ, ತಾನ ಕಾರ್ಡ್ ಮಾಡಿದ. ಹಿಂದ ಪೆನ್ನಿಲೆ 10-6-6-5. ಹಂಗ ಏಳೆಂಟು ಮಾಡಿದ್ದ. ಅದನ್ನ ಆಟಕ್ಕ ತಗೊಳ್ಳಾಕ ಉಳಿದ ಹುಡುಗರು ಒಪ್ಪತಿರಲಿಲ್ಲ, ಅಳೂತನಕ ಜಗಳ ಆಗಿದ್ದೂ ಐತಿ. ಕಡೀಕ ನೈರೋಬಿ ಕಾರ್ಡ್ ಒಂದನ್ನ ಹಿರೇಕೆರೂರ ಹುಡುಗ ತಗೊಂಡು ಅದರ ಬದಲಿ ದ್ರಾವಿಡನ್ನ ಕೊಟ್ಟ. ಅವತ್ತು ನನ್ನ ಮಗ ಉಂಡಿದ್ದ ಬ್ಯಾರೆ.

ಇಂಥಾ ಕಾರ್ಡಿನ ಕಥಿ ಹಳೇದು. ವಿಲಾಯತಿಯೊಳಗ ಸಿಗರೇಟ್ ಪಾಕೀಟು ಮುದ್ದಿ ಆಗಬಾರದಂತ ಒಳಗ ದಪ್ಪ ಕಾಗದಾ ಇಡತಿದ್ರು, ಅದರ ಮ್ಯಾಲೆ ಚಿತ್ರ ಛಾಪಿಸಿದ್ರು. ವಿಲ್ಸ್ ಕಂಪನಿ 1896ರಾಗ ಕ್ರಿಕೆಟಿಗರ ಕಾರ್ಡ್ ಹೊರಡಿಸಿತ್ತು. ಅಮೇರಿಕಾದಾಗ ಬೇಸ್‌ಬಾಲ್ ಆಡೋರ ಕಾರ್ಡು ಮುಂದ ಗಮ್ಮಿನ ಜೋಡಿ ಬಂದ್ವು. ಟಾಪ್ಸ್ ಅನ್ನೋ ಕಂಪನಿ 1952ರ ಕಾರ್ಡು ಉಳದ್ವಂತ 1960ರ ಸುಮಾರಿಗೆ ನ್ಯೂಯಾರ್ಕ್ ಹತ್ರ ಸಮುದ್ರಕ್ಕ ಸುರುವಿತು. ಮನ್ಯಾಗ ಇದ್ದವನ್ನ, ಹುಡುಗರು ದೊಡ್ಡವರಾದ ಮ್ಯಾಲೆ ಅವರವ್ವಾರು ಕಸಕ್ಕ ಹಾಕಿದ್ರು. ಅದಕ್ಕ ಉಳದದ್ದು ಸ್ವಲ್ಪ. 1952ರ ಮಿಕಿ ಮ್ಯಾಂಟಲ್ ಅನ್ನಾವನ ಒಂದು ಕಾರ್ಡು 2022ರಾಗ 1.26 ಕೋಟಿ ಡಾಲರಿಗೆ ಹೋತು, ನಮ್ಮ ರೊಕ್ಕದಾಗ ಸುಮಾರು ನೂರು ಕೋಟಿ! ಓದಿ ನಗು ಬಂತು, ಆಮ್ಯಾಲೆ ಹೊಟ್ಟ್ಯಾಗ ಕಲಸಿದಂಗಾತು. ಅಲ್ಲಿ ಅವ್ವಾರೂ ನನ್ನಂಗ.

ಮಗ ಆವಾಗ ಏನೂ ಅನ್ನಲಿಲ್ಲ. ಚಟ್ನಿ ಡಬ್ಬಿ ಮುಚ್ಚಳಾ ತಗದು ನೋಡಿ ಮತ್ತ ಮುಚ್ಚಿಟ್ಟ. ಮೊನ್ನೆ ಮೊಮ್ಮಗ ಬ್ಯಾಟ್ ಹಿಡಕೊಂಡು ನಿಂತಾಗ, ‘ಆ ಜೋಶಿ ಕಾರ್ಡು ಇದ್ದಿದ್ರ ಇವನಿಗೆ ತೋರಸ್ತಿದ್ದೆ’ ಅಂದ. ಇಪ್ಪತ್ತು ವರ್ಷ ಮನಸಿನಾಗ ಇಟಗೊಂಡಾನ.

ಹಿರೇಕೆರೂರ ವೈನಿ, ಅದಕ್ಕ ಬರೀತೀನಿ. ನಿಮ್ಮ ಹುಡುಗ ತಗೊಂಡಿದ್ನಲ್ಲ, ಅದೊಂದು ಉಳದಿರಬೇಕು. ಹಿಂದ ಲಗ್ನಪತ್ರಿಕಿ ಗಣಪತಿ ಕಾಣ್ತಾನ, ಅರಿಶಿಣ ಬಣ್ಣ. ಹಳೇ ಪುಸ್ತಕದೊಳಗ, ಟ್ರಂಕಿನ ತಳದಾಗ ಒಂದ್ಸಲ ನೋಡ್ರಿ. ರದ್ದಿಯಾಂವ ಬರೂಕಿಂತ ಮೊದಲ.