ಮಂಗ ಸತ್ತರೆ ಯಾರನ್ನು ಕರೀಬೇಕು?

ಹೆಬ್ಬಾಳದ ಫ್ಲೈಓವರ್ ಮೇಲೆ ನೀವು ಜೀವನದ ಎಷ್ಟು ಗಂಟೆ ಕಳೆದಿದ್ದೀರಿ ಅಂತ ಲೆಕ್ಕ ಇಟ್ಟಿದ್ದೀರಾ? ಏರ್‌ಪೋರ್ಟಿಗೆ ಹೊರಟ ಕ್ಯಾಬು ಅಲ್ಲಿ ಆಮೆಯಾಗುತ್ತೆ. ಕಾಲ್ ಮುಗಿಯುತ್ತೆ, ಇನ್ನೊಂದು ಕಾಲ್ ಶುರುವಾಗುತ್ತೆ. ಅದೇ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು ಉಂಟು, 1958ರದ್ದು. ಅದರ ಜೊತೆಗೆ ಇನ್ನೊಂದು ಹಳೇ ಸಂಸ್ಥೆಯೂ ಇದೆ. ಮೈಸೂರು ಸಂಸ್ಥಾನದ ಕಾಲದಲ್ಲಿ, 1920ರ ದಶಕದಲ್ಲಿ, ದನಗಳ ದೊಡ್ಡರೋಗಕ್ಕೆ ಮದ್ದು ತಯಾರಿಸಲು ಹುಟ್ಟಿದ ಸೀರಮ್ ಇನ್‌ಸ್ಟಿಟ್ಯೂಟ್. ಈಗಿನ ಹೆಸರು ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ. ದನ, ಕುರಿ, ಕೋಳಿಗಳ ಲಸಿಕೆ ಮಾಡುವ ಈ ಜಾಗದಲ್ಲಿ ವರ್ಷಗಟ್ಟಲೆ ಮನುಷ್ಯರಿಗೆ ಚುಚ್ಚುವ ಒಂದು ಲಸಿಕೆಯೂ ತಯಾರಾಗುತ್ತಿತ್ತು. ಅದು ಹೇಗೆ ಅಂತ ತಿಳಿಯಬೇಕಾದರೆ ಬೆಳ್ತಂಗಡಿಗೆ ಹೋಗಬೇಕು, ಅದಕ್ಕೂ ಮೊದಲು ಸೊರಬಕ್ಕೆ.

1957ರ ಮಾರ್ಚ್. ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಮಂಗಗಳು ಸಾಯತೊಡಗಿದವು. ಹಿಂದೆಯೇ ಕಾಡಿಗೆ ಸೌದೆಗೆ ಹೋದವರಿಗೆ ಜ್ವರ. ಪುಣೆಯ ವೈರಸ್ ರಿಸರ್ಚ್ ಸೆಂಟರಿಗೆ ಸುದ್ದಿ ಮುಟ್ಟಿದಾಗ ಅಲ್ಲಿನವರಿಗೆ ಎದೆ ಧಸಕ್ ಎಂದಿರಬೇಕು. ಯಾಕೆ ಅಂದರೆ ಮಂಗವೂ ಸಾಯುತ್ತೆ, ಮನುಷ್ಯನೂ ಸಾಯುತ್ತಾನೆ ಅನ್ನುವ ಜೋಡಿ ಕಂಡರೆ ಆ ಕಾಲದ ವೈರಸ್ ತಜ್ಞರಿಗೆ ಮೊದಲು ನೆನಪಾಗುತ್ತಿದ್ದುದು ಹಳದಿ ಜ್ವರ, ಯೆಲ್ಲೋ ಫೀವರ್. ಆಫ್ರಿಕಾ, ದಕ್ಷಿಣ ಅಮೆರಿಕಗಳನ್ನು ಕಾಡಿದ ಅದು ಏಷ್ಯಾಕ್ಕೆ ಕಾಲಿಟ್ಟಿರಲೇ ಇಲ್ಲ. ಆ ಸೆಂಟರನ್ನು 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಕ್‌ಫೆಲ್ಲರ್ ಫೌಂಡೇಶನ್ ಸೇರಿ ಕಟ್ಟಿದ್ದವು. ಟೆಲ್ಫೋರ್ಡ್ ವರ್ಕ್ ಎಂಬ ಅಮೆರಿಕನ್ ಡಾಕ್ಟರ್ ಅದರ ಮುಖ್ಯಸ್ಥ. ತಂಡ ಬಂತು, ಮಂಗದಿಂದ ವೈರಸ್ ಬೇರ್ಪಡಿಸಿತು. ಹಳದಿ ಜ್ವರ ಅಲ್ಲ. ಹೊಸದೇ ವೈರಸ್. ಸೊಳ್ಳೆಯಿಂದಲ್ಲ, ಉಣುಗಿನಿಂದ ಹರಡುವಂಥದ್ದು.

ಇಲ್ಲಿ ಸ್ವಲ್ಪ ನಿಲ್ಲೋಣ. ಆ ತಂಡದಲ್ಲಿ ಯಾರಿದ್ದರು ನೋಡಿ: ವೈದ್ಯರು, ಹೆರಾಲ್ಡ್ ಟ್ರಪಿಡೊ, ಪಿ.ಕೆ. ರಾಜಗೋಪಾಲನ್‌ರಂಥ ಕೀಟತಜ್ಞರು, ಪ್ರಯೋಗಾಲಯದ ವೈರಸ್ ತಜ್ಞರು. ಮುಂದೆ ಬಂದವರಲ್ಲಿ ಒಬ್ಬರು ಕೊಲಂಬಿಯಾದ ಹೊರ್ಹೆ ಬೊಶೆಲ್. ಈತನ ಕೆರಿಯರ್ ಹಾದಿ ನಮ್ಮ ಯಾವ ಲಿಂಕ್ಡ್‌ಇನ್ ಪ್ರೊಫೈಲಿಗೂ ಹೊಂದುವುದಿಲ್ಲ. 1940ರ ಹೊತ್ತಿಗೆ ತನ್ನ ದೇಶದ ಕಾಡಿನಲ್ಲಿ ಹಳದಿ ಜ್ವರದ ಮೂಲ ಹುಡುಕುತ್ತಿದ್ದಾಗ ಮರ ಕಡಿಯುವವರನ್ನು ಗಮನಿಸಿದ. ಒಂದು ದೊಡ್ಡ ಮರ ಉರುಳಿದ ಕೂಡಲೇ ಅವರ ಸುತ್ತ ನೀಲಿ ಬಣ್ಣದ ಸೊಳ್ಳೆಗಳ ಮೋಡ. ಮರದ ತುದಿಯಲ್ಲಿ ಮಂಗಗಳ ನಡುವೆ ಬದುಕುತ್ತಿದ್ದ ಸೊಳ್ಳೆ, ಮರದ ಜೊತೆ ನೆಲಕ್ಕೆ ಬಂದಿತ್ತು. ಕಾಡು ಕಡಿಯುವವನಿಗೇ ರೋಗ ಯಾಕೆ ಅನ್ನುವ ಪ್ರಶ್ನೆಗೆ ಉತ್ತರ ಅಲ್ಲೇ ಹಾರಾಡುತ್ತಿತ್ತು. ಅದೇ ಮನುಷ್ಯ ಮಲೆನಾಡಿಗೆ ಬಂದು ಇಲ್ಲಿ ನೋಡಿದ್ದು ಸೊಳ್ಳೆಯನ್ನಲ್ಲ, ದನವನ್ನು. 1969ರ ತನ್ನ ಪ್ರಬಂಧದಲ್ಲಿ ಬೊಶೆಲ್ ಕೊಟ್ಟ ವಾದ ಹೀಗೆ: ಜನ ಹೆಚ್ಚಿದರು, ಕಾಡಿನಂಚಿಗೆ ಗದ್ದೆ ಬಂತು, ಮೇಯುವ ದನ ಕಾಡೊಳಗೆ ಹೋದವು, ದನದ ರಕ್ತ ಕುಡಿದು ಉಣುಗು ಲೆಕ್ಕವಿಲ್ಲದಷ್ಟು ಹೆಚ್ಚಿತು.

ದನಕ್ಕೆ ಈ ರೋಗ ಬರುವುದಿಲ್ಲ ಎನ್ನಬಹುದು. ಬಂದರೂ ದನ ಸಾಯುವುದಿಲ್ಲ, ಹಾಲೂ ಕಡಿಮೆ ಆಗುವುದಿಲ್ಲ. ದನ ಬರೀ ಉಣುಗಿನ ಊಟದ ಮೆಸ್ಸು. ದೊಡ್ಡ ಉಣುಗು ದನದ ಮೈಯಲ್ಲಿ ಹೊಟ್ಟೆ ತುಂಬಿಸಿಕೊಂಡು ಉದುರಿ ಮೊಟ್ಟೆಯಿಡುತ್ತೆ, ಮರಿ ಉಣುಗು ಮಳೆಗಾಲ ಕಳೆದು ಬೇಸಗೆಯವರೆಗೆ ತರಗೆಲೆಯಲ್ಲಿ ಕಾಯುತ್ತೆ, ಮಂಗಕ್ಕೋ ಇಲಿಗೋ ತರಗು ಗುಡಿಸಲು ಬಂದ ಹೆಂಗಸಿಗೋ ಹತ್ತುತ್ತೆ. ಈಗ ಹೇಳಿ, ಇದು ಯಾವ ಇಲಾಖೆಯ ರೋಗ? ಜ್ವರ ಆರೋಗ್ಯ ಇಲಾಖೆಯದ್ದು. ಮಂಗ ಅರಣ್ಯ ಇಲಾಖೆಯದ್ದು. ದನ ಪಶುಪಾಲನಾ ಇಲಾಖೆಯದ್ದು. ಉಣುಗು ಯಾರದ್ದೂ ಅಲ್ಲ.

ಎಪ್ಪತ್ತರ ದಶಕದಲ್ಲಿ ಕಾಯಿಲೆ ಉತ್ತರ ಕನ್ನಡ, ಚಿಕ್ಕಮಗಳೂರು ಕಡೆ ಕಾಣಿಸಿಕೊಂಡಿತು. 1982ರ ಕೊನೆಗೆ ಘಟ್ಟ ಇಳಿದು ಬೆಳ್ತಂಗಡಿ ತಾಲೂಕಿಗೆ ಬಂತು. ನಿಡ್ಲೆ ಸುತ್ತಲಿನ ಕಾಡನ್ನು ಗೇರು ತೋಟಕ್ಕಾಗಿ ನೂರಾರು ಹೆಕ್ಟೇರ್ ಲೆಕ್ಕದಲ್ಲಿ ಬೋಳಿಸಿದ್ದರು. ಗೇರುಬೀಜ ಅಂದರೆ ವಿದೇಶಿ ವಿನಿಮಯ, ಕೂಲಿಯವರಿಗೆ ಕೆಲಸ, ಸರ್ಕಾರದ ಕಡತದಲ್ಲಿ ‘ಅಭಿವೃದ್ಧಿ’. ಮರ ಕಡಿಯಲು ಹೋದವರಿಗೆ, ತೋಟದ ಕೂಲಿಗೆ ಹೋದವರಿಗೆ ಜ್ವರ ಹಿಡಿಯಿತು. ತಲೆ ಸಿಡಿಯುವ ನೋವು, ಸ್ನಾಯು ಹಿಂಡುವ ನೋವು, ಕೆಲವರಿಗೆ ಮೂಗು ಬಾಯಿಯಲ್ಲಿ ರಕ್ತ. 1983ರಲ್ಲಿ ರಾಜ್ಯದಲ್ಲಿ ಲೆಕ್ಕಕ್ಕೆ ಸಿಕ್ಕ ಪ್ರಕರಣಗಳು ಸುಮಾರು 1,500, ಸತ್ತವರು 150ರ ಆಸುಪಾಸು. ಆವರೆಗಿನ ಅತಿ ಕೆಟ್ಟ ವರ್ಷ ಅದು.

ಆ ಕಥೆಯನ್ನು ಗಮನ ಇಟ್ಟು ಬರೆದವರು ಪಶುವೈದ್ಯರೂ ಅಲ್ಲ, ವೈರಸ್ ತಜ್ಞರೂ ಅಲ್ಲ. ದಕ್ಷಿಣ ಕನ್ನಡದಲ್ಲಿ ಎಪ್ಪತ್ತರ ದಶಕದಿಂದ ಓಡಾಡಿದ್ದ ಅಮೆರಿಕದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್. 1987ರ ಅವರ ಪ್ರಬಂಧ ಈ ಕಾಯಿಲೆಯನ್ನು ‘ಅಭಿವೃದ್ಧಿಯ ರೋಗ’ ಅಂತಲೇ ಕರೆಯಿತು. ಕಾಡು ಹೋದದ್ದಕ್ಕೂ ದೈವಗಳ ಮುನಿಸಿಗೂ ಊರವರು ಕಂಡ ನಂಟನ್ನು ಅವರು ಮೂಢನಂಬಿಕೆ ಅಂತ ಪಕ್ಕಕ್ಕೆ ಸರಿಸಲಿಲ್ಲ. ನನಗೆ ಕೇಳಿದರೆ, ಕಾಡು ಕಡಿದದ್ದಕ್ಕೆ ದೈವ ಮುನಿಯಿತು ಅನ್ನುವ ವಿವರಣೆಯಲ್ಲಿ ‘ಕಾಡು ಕಡಿದದ್ದಕ್ಕೆ’ ಅನ್ನುವ ಅರ್ಧ ಭಾಗ ಸರಿಯಾಗಿಯೇ ಇತ್ತು. ಇಲಾಖೆಗಳ ವಿವರಣೆಯಲ್ಲಿ ಆ ಅರ್ಧವೂ ಸುಲಭಕ್ಕೆ ಬರಲಿಲ್ಲ.

ಹಾಗಾದರೆ ನಮ್ಮ ಪಶುವೈದ್ಯರು ಎಲ್ಲಿದ್ದರು? ಇದ್ದರು, ಊರಲ್ಲೇ ಇದ್ದರು. ಅವರನ್ನು ತಯಾರು ಮಾಡಿದ್ದು ಬೇರೆ ಕೆಲಸಕ್ಕೆ, ಅಷ್ಟೇ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ 1956ರವರೆಗೆ ಮದ್ರಾಸಿಗೆ ಸೇರಿದ್ದ ಊರುಗಳು. ಇಲ್ಲಿಗೆ ಬರುತ್ತಿದ್ದ ದನದ ಡಾಕ್ಟರ್ ಓದಿದ್ದು ಸಾಮಾನ್ಯವಾಗಿ ಮದ್ರಾಸಿನ ವೇಪೇರಿಯಲ್ಲಿ. 1903ರಲ್ಲಿ ಡಾಬಿನ್ ಹಾಲ್ ಎಂಬ ಕಟ್ಟಡದಲ್ಲಿ ಶುರುವಾದ ಆ ಕಾಲೇಜಿನವರು ಹೆಸರಿನ ಮುಂದೆ ಜಿ.ಎಂ.ವಿ.ಸಿ. ಅಂತ ಹಾಕಿಕೊಳ್ಳುತ್ತಿದ್ದರು. 1936ರಲ್ಲಿ ಅದು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸೇರಿದ ಮೇಲೆ ಬಿ.ವಿ.ಎಸ್ಸಿ. ಪದವಿ ಬಂತು, ದೇಶದಲ್ಲೇ ಮೊದಲು. ಆಮೇಲೆ ರಾಜ್ಯಗಳ ಗೆರೆ ಬದಲಾಯಿತು. ಬಂಟ್ವಾಳದ ಹುಡುಗನಿಗೆ ಹೆಬ್ಬಾಳ, ಗಡಿಯಾಚೆ ಕಾಸರಗೋಡಿನ ಕನ್ನಡದ ಹುಡುಗನಿಗೆ ತ್ರಿಶ್ಶೂರು ಹತ್ತಿರದ ಮಣ್ಣುತ್ತಿ. ಅವರಿಬ್ಬರೂ ನೋಡುತ್ತಿದ್ದ ದನ ಮಾತ್ರ ಹೆಚ್ಚುಕಡಿಮೆ ಒಂದೇ, ಆ ಗುಡ್ಡ ಹತ್ತುವ ಗಿಡ್ಡ ತಳಿ. ಈಚೆ ಅದು ಮಲೆನಾಡು ಗಿಡ್ಡ, ಆಚೆ ಕಾಸರಗೋಡು ಗಿಡ್ಡ.

ಕಲಿಸಿದ್ದು ಏನು? ಮೊದಲು ಕುದುರೆ, ಯಾಕೆಂದರೆ ಸೈನ್ಯಕ್ಕೆ ಕುದುರೆ ಬೇಕಿತ್ತು. ಆಮೇಲೆ ದೊಡ್ಡರೋಗ. ಮೇಲಿನ ಸರಕು ಎತ್ತಿನ ಮೇಲೆ, ಗಾಡಿಯ ಮೇಲೆ ಘಟ್ಟ ಇಳಿದು ಬಂಟ್ವಾಳದಲ್ಲಿ ನೇತ್ರಾವತಿಯ ದೋಣಿಗೆ ಸೇರುತ್ತಿದ್ದ ಕಾಲ ಅದು. ಎತ್ತು ಬರುವ ದಾರಿಯೇ ರೋಗ ಬರುವ ದಾರಿ. ದೊಡ್ಡರೋಗ ಹೊಕ್ಕ ಕೊಟ್ಟಿಗೆಯಲ್ಲಿ ಉಳುವ ಜೋಡಿ ಉಳಿಯುತ್ತಿರಲಿಲ್ಲ, ಉಳುವ ಜೋಡಿ ಇಲ್ಲದಿದ್ದರೆ ಆ ವರ್ಷದ ಗದ್ದೆ ಇಲ್ಲ. ಮುಕ್ತೇಶ್ವರದ ಪ್ರಯೋಗಾಲಯದಲ್ಲಿ ಜೆ.ಟಿ. ಎಡ್ವರ್ಡ್ಸ್ 1920ರ ದಶಕದಲ್ಲಿ ವೈರಸ್ಸನ್ನು ಆಡಿನಿಂದ ಆಡಿಗೆ ದಾಟಿಸಿ ದುರ್ಬಲಗೊಳಿಸಿ ಲಸಿಕೆ ಮಾಡಿದ. 1954ರಿಂದ ದೇಶವ್ಯಾಪಿ ಕಾರ್ಯಕ್ರಮ. 1995ರಲ್ಲಿ ಭಾರತದ ಕೊನೆಯ ಪ್ರಕರಣ, 2011ರಲ್ಲಿ ಜಗತ್ತಿನಿಂದಲೇ ರೋಗ ಮಾಯ. ಸಿಡುಬು ಬಿಟ್ಟರೆ ಮನುಷ್ಯ ಹೀಗೆ ಪೂರ್ತಿ ಒರೆಸಿ ಹಾಕಿದ್ದು ಇದೊಂದೇ ಕಾಯಿಲೆ. ಮಳೆಯಲ್ಲಿ ಐಸ್ ಡಬ್ಬಿ ಹೊತ್ತು ಗುಡ್ಡ ಹತ್ತಿದ ಕಂಪೌಂಡರುಗಳಿಗೆ ಯಾರೂ ಹಾರ ಹಾಕಿದ್ದು ಕಾಣೆ. ಇರಲಿ.

ಅದರ ಹಿಂದೆಯೇ ಹಾಲು ಬಂತು. ಜೆರ್ಸಿ, ಎಚ್.ಎಫ್., ಕೃತಕ ಗರ್ಭಧಾರಣೆ, ಊರೂರಿಗೆ ಡೈರಿ. ತಾಲೂಕಿನ ಡಾಕ್ಟರ ದಿನವೆಲ್ಲ ಕೆಚ್ಚಲು ಬಾವು, ಗಬ್ಬ ನಿಲ್ಲದ ಹಸು, ಕಾಲುಬಾಯಿ ಜ್ವರದ ಚುಚ್ಚುಮದ್ದುಗಳಲ್ಲೇ ಕಳೆಯತೊಡಗಿತು. ಸ್ಪೆಷಲೈಸೇಶನ್ ಅಂದರೂ ಹೆಚ್ಚು ಬೆಲೆ ಗರ್ಭಶಾಸ್ತ್ರಕ್ಕೆ, ಶಸ್ತ್ರಚಿಕಿತ್ಸೆಗೆ. ಪರಾವಲಂಬಿಶಾಸ್ತ್ರ ಅಂದರೆ ಉಣುಗು, ಹುಳ ನೋಡುವ ವಿಷಯ, ರೋಗಶಾಸ್ತ್ರ ಅಂದರೆ ಸತ್ತದ್ದನ್ನು ಕೊಯ್ಯುವ ವಿಷಯ. ಎರಡಕ್ಕೂ ಹಳ್ಳಿಯಲ್ಲಿ ಗಿರಾಕಿ ಇಲ್ಲ. ಸತ್ತ ದನಕ್ಕೆ ಫೀಸು ಕೊಡುವವರು ಯಾರು ಮಾರಾಯ್ರೇ? ಸತ್ತ ಮಂಗಕ್ಕಂತೂ ಕೇಳುವುದೇ ಬೇಡ. ಗಿರಾಕಿ ಇರುವ ಕಡೆಗೇ ಪರಿಣತಿ ಹರಿಯುತ್ತೆ, ನಮ್ಮ ಐಟಿಯ ಹಾಗೆಯೇ. 1983ರ ಬೆಳ್ತಂಗಡಿಗೆ ಬೇಕಾಗಿದ್ದದ್ದು ಗಿರಾಕಿ ಇಲ್ಲದ ಆ ಎರಡು ವಿಷಯ.

ಈಗ ಹೆಬ್ಬಾಳದ ಲಸಿಕೆಗೆ ಬರೋಣ. ಮಂಗನ ಕಾಯಿಲೆಯ ಲಸಿಕೆಯನ್ನು ಕೋಳಿಭ್ರೂಣದ ಜೀವಕೋಶಗಳಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್‌ನಲ್ಲಿ ಕೊಂದು ತಯಾರಿಸುತ್ತಾರೆ. 1990ರ ದಶಕದ ಆರಂಭದಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಅದರ ಪರೀಕ್ಷೆ ನಡೆಯಿತು. ಮುಂದೆ ಉತ್ಪಾದನೆ ಹೆಬ್ಬಾಳಕ್ಕೆ ಬಂತು. ಕೋಳಿಗಳ ಕೊಕ್ಕರೆ ರೋಗದ ಲಸಿಕೆಗೆ ಮೊಟ್ಟೆಯಲ್ಲಿ ವೈರಸ್ ಬೆಳೆಸಿ ಕೈ ಪಳಗಿದ್ದವರು ಅಲ್ಲಿದ್ದರಲ್ಲ. ದನದ ದೊಡ್ಡರೋಗಕ್ಕೆಂದು ಕಟ್ಟಿದ ಮನೆಯಲ್ಲಿ ಕಾಡಂಚಿನ ಕೂಲಿಯವನ ಪ್ರಾಣದ ಮದ್ದು. ಓದಿದಾಗ ನನಗೆ ಖುಷಿಯಾಗಿತ್ತು.

ಖುಷಿ ಪೂರ್ತಿ ಉಳಿಯಲಿಲ್ಲ. 2005ರಿಂದ 2010ರವರೆಗಿನ ಲೆಕ್ಕ ನೋಡಿದವರಿಗೆ ಎರಡು ಡೋಸಿನಿಂದ ಸಿಕ್ಕ ರಕ್ಷಣೆ ಶೇಕಡಾ 62 ಮಾತ್ರ, ಬೂಸ್ಟರ್ ಸೇರಿದರೆ 83. ಚುಚ್ಚಿದ ಕಡೆ ನೋವು ಜಾಸ್ತಿ, ಹಾಗಾಗಿ ಬೂಸ್ಟರಿಗೆ ಜನ ಬರುತ್ತಿರಲಿಲ್ಲ. ಅಡಿಕೆ ಕೊಯ್ಲಿನ ಹೊತ್ತಿಗೆ ಎರಡು ದಿನ ಕೈ ಎತ್ತಲಾಗದಿದ್ದರೆ ಕೂಲಿ ಹೋಯಿತಲ್ಲ! ಲಸಿಕೆಯ ಶಕ್ತಿ ಕುಂದುತ್ತಾ ಬಂತು, 2022ರ ಹೊತ್ತಿಗೆ ಅದನ್ನು ಕೊಡುವುದೇ ನಿಂತಿತು. ಐದು ರಾಜ್ಯಗಳಿಗೆ ರೋಗ ಹರಡಿದ ಮೇಲೆ ಲಸಿಕೆಯೇ ಇಲ್ಲದ ಪರಿಸ್ಥಿತಿ. ಹೊಸದನ್ನು ತಯಾರಿಸಲು ವೈದ್ಯಕೀಯ ಸಂಶೋಧನಾ ಮಂಡಳಿ ಕೈಜೋಡಿಸಿದ್ದು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಜೊತೆ. ಅದನ್ನು 1982ರಲ್ಲಿ ಹುಟ್ಟುಹಾಕಿದ್ದು ಯಾರು ಗೊತ್ತಾ? ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿ, ಕಾಲುಬಾಯಿ ಜ್ವರದ ಲಸಿಕೆಗಾಗಿ. ಮತ್ತೆ ದನದ ಮನೆಗೇ ಬಂದೆವು.

ಪಶುವೈದ್ಯರ ಕೆಲಸ ಈಗ ಬಗೆಬಗೆಯಾಗಿದೆ, ಅದು ನಿಜ. ಯಲಹಂಕದ ನಿವೇದಿ ಸಂಸ್ಥೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಯಾವ ತಿಂಗಳು ಯಾವ ಜಿಲ್ಲೆಗೆ ಯಾವ ರೋಗ ಅಂತ ಅಂದಾಜು ಹಾಕುವ ಪಶುವೈದ್ಯರಿದ್ದಾರೆ. ಬಾವಿಗೆ ಬಿದ್ದ ಚಿರತೆಗೆ ಅರಿವಳಿಕೆ ಕೊಡುವವರಿದ್ದಾರೆ. ನಿಮ್ಮ ಲ್ಯಾಬ್ರಡಾರಿನ ಹಲ್ಲು ನೋಡುವವರಂತೂ ಬೇಕಾದಷ್ಟು. ಮೂಡುಬಿದಿರೆಯ ಕೋಟಿ-ಚೆನ್ನಯ ಕಂಬಳದ ಕರೆಗೆ ಹೋದರೆ ಕೋಣಗಳ ಬಗ್ಗೆಯೂ ಪಶುವೈದ್ಯರ ಮಾತಿಗೆ ತೂಕ ಬಂದಿರುವುದು ಕಾಣುತ್ತೆ. 2014ರ ಸುಪ್ರೀಂ ಕೋರ್ಟ್ ತೀರ್ಪು, 2017ರ ರಾಜ್ಯದ ತಿದ್ದುಪಡಿ, 2023ರ ಮೇ 18ರ ಸಂವಿಧಾನ ಪೀಠದ ತೀರ್ಪು, ಇಷ್ಟೆಲ್ಲದರ ನಡುವೆ ‘ಕೋಣಕ್ಕೆ ನೋವಾಗುತ್ತಾ’ ಅನ್ನುವುದು ಕಾನೂನಿನ ಪ್ರಶ್ನೆಯೂ ಆಯಿತು. ಕೋಣಕ್ಕೆ ಯಜಮಾನನಿದ್ದಾನೆ, ಮರ್ಯಾದೆ ಇದೆ, ಪದಕ ಇದೆ.

ಮಂಗಕ್ಕೆ ಯಜಮಾನನಿಲ್ಲ. 2012ರ ಕೊನೆಗೆ ಬಂಡೀಪುರದಲ್ಲಿ ಮಂಗಗಳು ಸತ್ತಾಗ ಅವನ್ನು ಮುಟ್ಟಿ, ಸುಟ್ಟು ವಿಲೇವಾರಿ ಮಾಡುವ ಕೆಲಸದಲ್ಲಿದ್ದವರಿಗೇ ಕಾಯಿಲೆ ಹತ್ತಿತು. ಸತ್ತ ಮಂಗದ ಮೈ ತಣ್ಣಗಾಗುತ್ತಿದ್ದಂತೆ ಉಣುಗುಗಳು ಇಳಿದು ಹೊಸ ಮೈ ಹುಡುಕುತ್ತವೆ, ಹತ್ತಿರ ನಿಂತವನದ್ದೇ ಮೊದಲು ಸಿಗುವ ಮೈ. ಆದ್ದರಿಂದ ಈಗಿನ ಕ್ರಮ ಇಷ್ಟು: ತೋಟದಲ್ಲಿ ಮಂಗ ಸತ್ತು ಬಿದ್ದರೆ ಮುಟ್ಟಬಾರದು, ಹೂಳಲೂಬಾರದು, ಪಂಚಾಯತಿಗೋ ಆಶಾ ಕಾರ್ಯಕರ್ತೆಗೋ ಅರಣ್ಯ ಸಿಬ್ಬಂದಿಗೋ ಹೇಳಬೇಕು. ಅರಣ್ಯದವರು ಕಾವಲು ನಿಲ್ಲುತ್ತಾರೆ, ಆರೋಗ್ಯದವರು ಸುತ್ತ ಕೀಟನಾಶಕ ಹಾಕುತ್ತಾರೆ. ಮೈಯೆಲ್ಲ ಮುಚ್ಚುವ ದಿರಿಸು ಹಾಕಿ, ಎರಡು ಜೊತೆ ಕೈಗವಸು ತೊಟ್ಟು ಮಂಗವನ್ನು ಕೊಯ್ದು ಅಂಗಾಂಗದ ತುಣುಕು ತೆಗೆದು ಲ್ಯಾಬಿಗೆ ಕಳಿಸುವ ಕೆಲಸ ತಾಲೂಕಿನ ದನದ ಡಾಕ್ಟರದ್ದು. ಡಿಸೆಂಬರಿನಿಂದ ಮೇವರೆಗೆ, ಯಾವ ಹೊತ್ತಿಗೆ ಫೋನ್ ಬಂದರೂ.