ಆಂಟಿಗುವಾ: ರಾಜಾಜ್ಞೆ ಮೀರಿ ಉಳಿದ ಊರು

ಆಂಟಿಗುವಾ ಎಂದೊಡನೆ ಕ್ರಿಕೆಟ್ ಪ್ರಿಯರಿಗೆ ವಿವಿಯನ್ ರಿಚರ್ಡ್ಸ್ ಅವರ ದ್ವೀಪ ನೆನಪಾಗುವುದು ಸಹಜ. ಇದು ಅದಲ್ಲ. ಮಧ್ಯ ಅಮೆರಿಕದ ಗ್ವಾಟೆಮಾಲಾದಲ್ಲಿ, ಜ್ವಾಲಾಮುಖಿಗಳ ನಡುವಿನ ಪಾಂಚೋಯ್ ಕಣಿವೆಯಲ್ಲಿ ಸ್ಪೇನಿನವರು 1543ರಲ್ಲಿ ಕಟ್ಟಿದ ರಾಜಧಾನಿ.

ಹಿಂದಿನ ರಾಜಧಾನಿ ಸಮೀಪದಲ್ಲೇ, ಅಗುವಾ ಜ್ವಾಲಾಮುಖಿಯ ತಪ್ಪಲಲ್ಲಿತ್ತು. 1541ರ ಸೆಪ್ಟೆಂಬರಿನ ಮಳೆಯಲ್ಲಿ ಬೆಟ್ಟದಿಂದ ನುಗ್ಗಿದ ಕೆಸರಿನ ಪ್ರವಾಹ ಅದನ್ನು ನಾಶಮಾಡಿತು. ಆಗಷ್ಟೇ ಅಧಿಕಾರ ವಹಿಸಿಕೊಂಡಿದ್ದ ಗವರ್ನರ್ ಬಿಯಾಟ್ರಿಸ್ ದೆ ಲಾ ಕುಯೆವಾ ಅವರೂ ಬಲಿಯಾದರು. ಹೊಸ ಊರನ್ನೂ ಭೂಕಂಪಗಳು ಬಿಡಲಿಲ್ಲ. 1773ರ ಜುಲೈ 29ರ ಕಂಪನ ಚರ್ಚುಗಳು, ಮಠಗಳನ್ನು ನೆಲಕ್ಕುರುಳಿಸಿತು. ರಾಜಧಾನಿ ಬದಲಿಸಲೇಬೇಕೆಂದು ಗವರ್ನರ್ ಮಾರ್ಟಿನ್ ದೆ ಮಯೋರ್ಗಾ ಪಟ್ಟು ಹಿಡಿದರೆ, ಆರ್ಚ್‌ಬಿಷಪ್ ಪೆದ್ರೊ ಕೊರ್ತೆಸ್ ಇ ಲರಾಸ್ ಪ್ರಬಲವಾಗಿ ವಿರೋಧಿಸಿದರು. ಕೊನೆಗೆ ಗೆದ್ದವರು ಗವರ್ನರ್. 1776ರಲ್ಲಿ ರಾಜಧಾನಿ ಇಂದಿನ ಗ್ವಾಟೆಮಾಲಾ ಸಿಟಿಗೆ ವರ್ಗವಾಯಿತು.

ಊರು ತೆರವುಗೊಳಿಸುವ ಆಜ್ಞೆ ಹೊರಟರೂ ಎಲ್ಲರೂ ಕದಲಲಿಲ್ಲ. ಉಳಿದವರ ಕೈಯಲ್ಲಿ ಹಣವಿರಲಿಲ್ಲ. ಹಳೆಯದನ್ನು ಕೆಡವಿ ಹೊಸದು ಕಟ್ಟುವ ಗೊಡವೆಗೂ ಅವರು ಹೋಗಲಿಲ್ಲ. ಚದುರಂಗದ ಮಣೆಯಂತೆ ಹರಡಿದ ಕಲ್ಲುಹಾಸಿನ ಬೀದಿಗಳು ಉಳಿದುಬಂದದ್ದು ಬಹುಮಟ್ಟಿಗೆ ಈ ಬಡತನದಿಂದಲೇ. 1979ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು.

ಸಮಯ ಕಡಿಮೆಯಿದ್ದವರು ಮೊದಲು ಕ್ಯಾಥೆಡ್ರಲ್ ನೋಡಬೇಕು. ಮುಂಭಾಗದಲ್ಲಿ ಇಂದಿಗೂ ಪ್ರಾರ್ಥನೆ ನಡೆಯುತ್ತದೆ. ಹಿಂದಕ್ಕೆ ಹೋದರೆ ಮೇಲ್ಛಾವಣಿಯಿಲ್ಲದ ಕಮಾನುಗಳ ನಡುವೆ ಆಕಾಶ ಕಾಣುತ್ತದೆ. 1767ರಲ್ಲಿ ಪೂರ್ಣಗೊಂಡ ಹಳದಿ ಬಣ್ಣದ ಲಾ ಮೆರ್ಸೆಡ್ ಚರ್ಚು ಮಾತ್ರ ಆರೇ ವರ್ಷಗಳ ನಂತರದ ಭೂಕಂಪವನ್ನು ತಾಳಿಕೊಂಡಿತು. ಅದರ ದಪ್ಪ ಗೋಡೆ, ಗಿಡ್ಡ ಗೋಪುರಗಳನ್ನು ಕಂಡರೆ ಕಾರಣ ಹೊಳೆಯುತ್ತದೆ. ಅದೇ ಬೀದಿಯ ಸಾಂತಾ ಕತಲೀನಾ ಕಮಾನು ಎಲ್ಲ ಪ್ರವಾಸಿಗರ ಕ್ಯಾಮೆರಾದಲ್ಲೂ ಸೆರೆಯಾಗುತ್ತದೆ. ಸನ್ಯಾಸಿನಿಯರು ಹೊರಗಿನವರ ಕಣ್ಣಿಗೆ ಬೀಳದೆ ರಸ್ತೆ ದಾಟಲೆಂದು ಕಟ್ಟಿದ್ದು ಇದು ಎಂಬುದೊಂದು ವಿಪರ್ಯಾಸ!

ಈಸ್ಟರ್‌ಗೆ ಮುಂಚಿನ ಪವಿತ್ರ ವಾರದಲ್ಲಿ ಬೀದಿಗಳ ಮೇಲೆ ಬಣ್ಣದ ಮರದ ಹೊಟ್ಟಿನ ರಂಗವಲ್ಲಿ ಮೂಡುತ್ತದೆ. ಗಂಟೆಗಟ್ಟಲೆ ಬಿಡಿಸಿದ ಚಿತ್ತಾರವನ್ನು ಮೆರವಣಿಗೆ ತುಳಿದು ಸಾಗುತ್ತದೆ. ಆಗ ವಸತಿ ಸಿಗುವುದು ಕಷ್ಟ. ಮೊದಲೇ ಕಾದಿರಿಸುವುದು ಲೇಸು. ಮಳೆಯಿಲ್ಲದ ನವೆಂಬರ್‌ನಿಂದ ಏಪ್ರಿಲ್‌ವರೆಗಿನ ಅವಧಿ ಭೇಟಿಗೆ ಸೂಕ್ತ.

3,976 ಮೀಟರ್ ಎತ್ತರದ ಅಕಾತೆನಾಂಗೊ ಏರಿ, ಪಕ್ಕದ ಫುಯೆಗೊ ಜ್ವಾಲಾಮುಖಿ ಬೆಂಕಿ ಉಗುಳುವುದನ್ನು ರಾತ್ರಿ ನೋಡುವ ಚಾರಣ ಸಾಹಸಿಗಳಿಗೆ ಅಚ್ಚುಮೆಚ್ಚು. ಆದರೆ 2018ರ ಜೂನ್ 3ರಂದು ಇದೇ ಫುಯೆಗೊ ಸ್ಫೋಟಿಸಿ, ಸಾನ್ ಮಿಗೆಲ್ ಲೋಸ್ ಲೋತೆಸ್ ಎಂಬ ಹಳ್ಳಿಯನ್ನು ಬಿಸಿ ಬೂದಿಯಡಿ ಹೂತುಹಾಕಿತು. ಸ್ಥಳೀಯ ಆಡಳಿತ ಚಾರಣ ಬೇಡವೆಂದ ದಿನ ಊರಿನಿಂದಲೇ ಬೆಟ್ಟ ನೋಡುವುದು ಒಳಿತು. ಉತ್ತರದ ಶಿಲುಬೆ ಗುಡ್ಡದಿಂದ ಅಗುವಾ ಶಿಖರವೂ ಕೆಳಗಿನ ಹೆಂಚಿನ ಮನೆಗಳೂ ಒಂದೇ ನೋಟಕ್ಕೆ ದಕ್ಕುತ್ತವೆ.